ಟೈಮ್‌ಔಟ್ ಕಮಾಂಡಿಗೆ ಕನ್ನಡದಲ್ಲಿ ಒಂದು ಪುಟದ ಕೈಪಿಡಿ: ಎಕ್ಸಿಟ್ ಸ್ಟೇಟಸ್‌ಗೆ ಏನಂತ ಬರೀಲಿ?

ಪ್ರಶ್ನೆ:
ನಮ್ಮ ಬ್ಯಾಕಪ್ ಸ್ಕ್ರಿಪ್ಟ್ ಒಂದು ರಾತ್ರಿ ಎಲ್ಲೋ ಸಿಕ್ಕಿಹಾಕಿಕೊಂಡು ಬೆಳಗಿನವರೆಗೂ ಹಾಗೇ ಕೂತಿತ್ತು. ಈಗ ಅದನ್ನು ಟೈಮ್‌ಔಟ್ (ಕೊಟ್ಟ ಸಮಯ ಮೀರಿದ ಪ್ರೋಗ್ರಾಮನ್ನು ನಿಲ್ಲಿಸೋ ಲಿನಕ್ಸ್ ಕಮಾಂಡ್) ಮೂಲಕ ಓಡಿಸ್ತೀನಿ. ಎರಡು ಗಂಟೆ ದಾಟಿದರೆ ಟರ್ಮ್ ಸಿಗ್ನಲ್, ಅಂದ್ರೆ ‘ನಿಲ್ಲು’ ಅನ್ನೋ ಸೂಚನೆ, ಹೋಗುತ್ತೆ. ಹೊಸದಾಗಿ ಸೇರಿದ ಹುಡುಗರಿಗೆ ಅಂತ ಇದನ್ನೆಲ್ಲ ಬರೆದಿಡ್ತಿದ್ದೀನಿ. ಎಕ್ಸಿಟ್ ಸ್ಟೇಟಸ್‌ಗೆ, ಅಂದ್ರೆ ಪ್ರೋಗ್ರಾಂ ಹೇಗೆ ಮುಗೀತು ಅಂತ ತಿಳಿಸೋ ಅಂಕಿಗೆ, ‘ನಿರ್ಗಮನ ಸ್ಥಿತಿ’ ಅಂತ ಹಾಕಿದ್ದೆ. ಓದಿದವನು, ‘ಯಾರು ತೀರಿಕೊಂಡ್ರು ಸಾರ್?’ ಅಂದ!

ಉತ್ತರ 1:
‘ಎಕ್ಸಿಟ್ ಕೋಡ್’ ಅಂತಲೇ ಬರೀರಿ, ಎಲ್ಲರೂ ಆಡೋದು ಅದನ್ನೇ. ಅಂಕಿಗಳನ್ನು ಮಾತ್ರ ಬಿಡಿಸಿ ಹೇಳಿ. ಸಮಯ ಮೀರಿದರೆ 124, ಟೈಮ್‌ಔಟೇ ಎಡವಿದರೆ 125, ಪ್ರೋಗ್ರಾಂ ಇದ್ದೂ ಓಡಿಸಲಾಗದಿದ್ದರೆ 126, ಪ್ರೋಗ್ರಾಮೇ ಸಿಗದಿದ್ದರೆ 127. ಸಮಯದೊಳಗೆ ಮುಗಿದರೆ ಒಳಗಿನ ಪ್ರೋಗ್ರಾಂ ಕೊಟ್ಟ ಕೋಡೇ ಹೊರಗೆ ಬರುತ್ತೆ.

ಉತ್ತರ 2:
ಟರ್ಮ್‌ಗೆ ಜಗ್ಗದ ಪ್ರೋಗ್ರಾಂಗಳೂ ಇರ್ತವೆ. ಟೈಮ್‌ಔಟ್‌ಗೆ ‘-k 30’ ಅಂತ ಕೊಟ್ಟರೆ ಮತ್ತೆ 30 ಸೆಕೆಂಡ್ ಕಾದು, ಪ್ರೋಗ್ರಾಂ ತಡೆಯಲಾಗದ ಕಿಲ್ ಸಿಗ್ನಲ್ ಕಳಿಸುತ್ತೆ. ಆಗ ಬರೋದು 124 ಅಲ್ಲ, 137. ಅಂದ್ರೆ 128ಕ್ಕೆ ಕಿಲ್ ಸಿಗ್ನಲ್‌ನ ಸಂಖ್ಯೆ 9 ಸೇರಿಸಿ. ನನ್ನ ಸ್ಕ್ರಿಪ್ಟ್ 124 ಒಂದನ್ನೇ ನೋಡ್ತಿತ್ತು, ಇಡೀ ದಿನ ತಲೆ ಕೆರ್ಕೊಂಡಿದ್ದೆ.

ಪ್ರಶ್ನೆ ಕೇಳಿದವರು:
‘ನಿರ್ಗಮನ’ ಅಳಿಸಿದೆ. 137ಕ್ಕೆ ಬೇರೆ ಸಾಲೇ ಹಾಕಿದ್ದೀನಿ, ಅದೂ ದಪ್ಪ ಅಕ್ಷರದಲ್ಲಿ.