ಕೊಡಗಿನಲ್ಲಿ ಒಂದು ದಿನ, ಓಡಾಟ ಕಡಿಮೆ: ಎಲ್ಲಿಗೆ ಹೋಗಲಿ?

ಮಡಿಕೇರಿಯಲ್ಲಿ ಉಳಿಯುತ್ತಿದ್ದೇವೆ. ಕಾರಿದೆ, ಅಪ್ಪ ಅಮ್ಮ ಜೊತೆಗಿದ್ದಾರೆ. ಜಲಪಾತ ಬೇಡ, ಹಳೇ ಕಾಲದ ಜಾಗ ನಿಧಾನವಾಗಿ ನೋಡಬೇಕು. ಹೋಗಿ ಬಂದವರು ಹೇಳ್ತೀರಾ?

ಉತ್ತರ 1

ಡಿಸೆಂಬರಿನಲ್ಲಿ ಅತ್ತೆ-ಮಾವನ ಜೊತೆ ಹೋಗಿದ್ದೆವು. ಮೊದಲ ದಿನ ಆರು ಜಾಗ ಸುತ್ತಿ, ರಾತ್ರಿ ಊಟಕ್ಕೆ ಕೂತಾಗ ಯಾವುದು ಎಲ್ಲಿತ್ತು ಅಂತಲೇ ಯಾರಿಗೂ ನೆನಪಿಲ್ಲ! ಮಾರನೇ ದಿನ ಬರೀ ಕೊಡಗಿನ ರಾಜರ ಜಾಡು ಹಿಡಿದೆವು.

ಬೆಳಿಗ್ಗೆ ಓಂಕಾರೇಶ್ವರ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ. ಮಧ್ಯದಲ್ಲಿ ಗುಮ್ಮಟ, ಮೂಲೆಗಳಲ್ಲಿ ಮಿನಾರು. ಮಾವ ದೂರದಿಂದಲೇ "ಇದು ದರ್ಗಾ ಅಲ್ವಾ?" ಅಂದರು. ಆಮೇಲೆ ಗದ್ದಿಗೆ. ಅಲ್ಲೂ ಅದೇ ಗುಮ್ಮಟ, ಆದರೆ ಅವು ರಾಜರ ಸಮಾಧಿಗಳು. ಕೋಟೆಯಲ್ಲಿ ಗಾರೆಯ ಎರಡು ಆನೆ ನೋಡಿ ಹೊರಟರೂ ಸಾಕು.

ಮಧ್ಯಾಹ್ನವೆಲ್ಲ ನಾಲ್ಕುನಾಡು ಅರಮನೆಗೆ ಇಡಿ. ಮೂರ್ನಾಡು, ನಾಪೋಕ್ಲು ದಾಟಿ ಕಕ್ಕಬ್ಬೆ ಕಡೆ, ಸುಮಾರು 35 ಕಿಲೋಮೀಟರ್. ಮೈಸೂರು ಅರಮನೆಯನ್ನು ನೆನೆಸಿಕೊಂಡು ಹೋಗಬೇಡಿ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಎರಡಂತಸ್ತಿನ ದೊಡ್ಡ ಮನೆ, ಅಷ್ಟೇ. 1792ರ ಹೊತ್ತಿಗೆ ದೊಡ್ಡವೀರರಾಜೇಂದ್ರ ಕಟ್ಟಿಸಲು ಶುರು ಮಾಡಿದ್ದು. ಮರದ ಕೆತ್ತನೆ, ಮಾಸಿದ ಗೋಡೆ ಚಿತ್ರ, ಕತ್ತಲು ಕೋಣೆಗಳು. 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಸೇರಿಕೊಂಡಿದ್ದು ಇಲ್ಲೇ. ಅವನು ತೀರಿಕೊಂಡಿದ್ದು 1859ರಲ್ಲಿ, ಲಂಡನ್ನಿನಲ್ಲಿ. ಬೆಳಿಗ್ಗೆ ಅವನ ಅಪ್ಪ ಲಿಂಗರಾಜೇಂದ್ರನ ಗದ್ದಿಗೆ ನೋಡಿ ಬಂದಿದ್ದಕ್ಕೋ ಏನೋ, ಆ ಕತ್ತಲು ಕೋಣೆಯಲ್ಲಿ ಮಾತೇ ಹೊರಡಲಿಲ್ಲ.

ಉತ್ತರ 2

ನಾನು ನಾಪೋಕ್ಲು ಕಡೆಯವಳು. ಮೇಲಿನವರು ಪಾಡಿ ಇಗ್ಗುತಪ್ಪನನ್ನೇ ಬಿಟ್ಟಿದ್ದಾರೆ! ಕಕ್ಕಬ್ಬೆಗೆ ಹತ್ತಿರವೇ ಇದೆ. ನಮಗೆ ಮಳೆ-ಬೆಳೆ ಕೊಡುವ ದೇವರು. ಊಟ ನಾಪೋಕ್ಲಿನಲ್ಲೇ ಮುಗಿಸಿ. ಸಿಕ್ಕಿದರೆ ಕಡುಬು ತಿನ್ನಿ. ರಸ್ತೆ ಕಿರಿದು, ತಿರುವಿನಲ್ಲಿ ಹಾರ್ನ್ ಮಾಡಿ. ಜೂನ್-ಜುಲೈನಲ್ಲಿ ಬರಬೇಡಿ, ಮಳೆಯ ಜೊತೆ ಜಿಗಣೆ ಕಾಟ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ಮೇಲೆ ಬಂದರೆ ದಾರಿಯುದ್ದಕ್ಕೂ ಕಾಫಿ ಹೂವಿನ ಘಮ. ಅದೇ ದಿನ ತಲಕಾವೇರಿಯನ್ನೂ ಸೇರಿಸಬೇಡಿ.

ಕೇಳಿದವರು

ಅಪ್ಪನಿಗೆ ಮೊಣಕಾಲು ನೋವು. ಅರಮನೆವರೆಗೆ ಕಾರು ಹೋಗುತ್ತಾ?

ಉತ್ತರ 1

ಹತ್ತಿರದವರೆಗೂ ಹೋಗುತ್ತದೆ. ಒಳಗೆ ಮೆಟ್ಟಿಲಿದೆ. ನಮ್ಮತ್ತೆ ಹತ್ತಲೇ ಇಲ್ಲ, ಮುಂದಿನ ಮಂಟಪದ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದರು. ನಾವು ಇಳಿದು ಬರುವಷ್ಟರಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು.