ಸಹಾಯ ಬೇಕು: ಹಲ್ಲಿಲ್ಲದ ಅವ್ವನಿಗೆ ಕಾಳು ಹೇಗೆ ತಿನ್ನಿಸೋದು?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಅವ್ವನಿಗೆ ಎಪ್ಪತ್ತು ದಾಟಿದೆ, ತೂಕ 50 ಕೆಜಿ, ಅಪ್ಪಟ ಸಸ್ಯಾಹಾರಿ. ಹಲ್ಲು ಹೋದಮೇಲೆ ಜೋಳದ ರೊಟ್ಟಿಯನ್ನ ಸಾರಲ್ಲಿ ನೆನೆಸಿ ತಿಂತಾರೆ, ಸಂಜೆ ನೆನೆಸಿದ ಮಂಡಕ್ಕಿ. ಕಾಳುಪಲ್ಯ ಮಾತ್ರ ತಟ್ಟೆ ಅಂಚಿಗೆ ಸರಿಸಿಬಿಡ್ತಾರೆ.

ನನ್ನ ಚಿಂತೆ ಇದೇ. ಪ್ರೋಟೀನ್ ಕಟ್ಟೋಕೆ ಬೇಕಾದ 20 ಅಮೈನೋ ಆಮ್ಲಗಳಲ್ಲಿ 9 ಊಟದಿಂದಲೇ ಬರಬೇಕು. ಜೋಳ, ಅಕ್ಕಿಯಲ್ಲಿ ಆ ಒಂಬತ್ತರಲ್ಲಿ ಒಂದಾದ ಲೈಸಿನ್ ಕಡಿಮೆ. ತೊಗರಿ, ಹೆಸರು, ಅಲಸಂದೆಯಲ್ಲಿ ಧಾರಾಳ. ಕಾಳಲ್ಲಿ ಕಡಿಮೆ ಇರೋ ಮೆಥಿಯೋನಿನ್ ಅನ್ನೋ ಇನ್ನೊಂದು ಧಾನ್ಯದಲ್ಲಿ ಸಿಗುತ್ತೆ. ರೊಟ್ಟಿ ಜೊತೆ ಕಾಳು ಅನ್ನೋ ನಮ್ಮ ಊಟ ಎಷ್ಟು ಸರಿಯಾಗಿತ್ತು! ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೋ, ಮೈತೂಕದ ಕೆಜಿಗೆ 0.83 ಗ್ರಾಂ ಲೆಕ್ಕದಲ್ಲಿ ಅವ್ವನಿಗೆ ದಿನಕ್ಕೆ ಸುಮಾರು 41 ಗ್ರಾಂ ಪ್ರೋಟೀನ್ ಬೇಕು.

ಪರಿಚಯದವರೊಬ್ಬರು ಅಮೈನೋ ಪುಡಿ ಡಬ್ಬಿ ತಗೊಳ್ಳಿ ಅಂತಿದಾರೆ. ನನಗೆ ಮನಸ್ಸಿಲ್ಲ. ಹಾಲು, ಮೊಸರು, ಬೇಳೆಯಲ್ಲೇ ಆಗೋದಾದ್ರೆ ಡಬ್ಬಿ ಯಾಕೆ? ಕಿಡ್ನಿ, ಶುಗರ್ ತೊಂದರೆ ಏನೂ ಇಲ್ಲ.

ಕಾಳನ್ನ ನುಣ್ಣಗೆ, ಗ್ಯಾಸ್ ಆಗದ ಹಾಗೆ ಮಾಡೋ ಅಡುಗೆ ಗೊತ್ತಿದ್ದವರು ದಯವಿಟ್ಟು ಹೇಳಿ. ಹೆಸರುಬೇಳೆ ಗಂಜಿ ಬೇಡ, ಅವ್ವನಿಗೆ ಅದು ಸಾಕಾಗಿಹೋಗಿದೆ. ಇಲ್ಲೇ ಊರಲ್ಲಿ ವಯಸ್ಸಾದವರನ್ನ ಸಮಾಧಾನವಾಗಿ ನೋಡೋ ಡಯಟೀಷಿಯನ್ ಇದ್ರೂ ತಿಳಿಸಿ.