ರಾಜಕುಮಾರಿಯರ ಬಗೆಗಿನ ನಮ್ಮ ಅಭಿಪ್ರಾಯ ಬರುವುದು ಕಥೆಯಿಂದಲೋ, ಚೀಲದ ಮೇಲಿನ ಚಿತ್ರದಿಂದಲೋ?

ಪೆರ್ಲದ ಓದುಗ (ಪ್ರಶ್ನೆ):
ಶಾಲೆ ಆರಂಭವಾಗುವ ಮೊದಲು ಅಕ್ಕನ ಮಗಳಿಗೆಂದು ಕಾಸರಗೋಡು ಪೇಟೆಯಲ್ಲಿ ಕೊಂಡ ಚೀಲದ ಮೇಲೆ ಡಿಸ್ನಿಯ ರಾಜಕುಮಾರಿಯರು ಸಾಲಾಗಿ ನಿಂತಿದ್ದಾರೆ. 1998ರ ಸಿನಿಮಾದಲ್ಲಿ ತಂದೆಯ ಬದಲು ಗಂಡುವೇಷ ತೊಟ್ಟು ಯುದ್ಧಕ್ಕೆ ಹೋದ ಮುಲಾನ್ ಇಲ್ಲಿ ಕವಚವೂ ಇಲ್ಲದೆ, ಕತ್ತಿಯೂ ಇಲ್ಲದೆ, ರೇಷ್ಮೆಯ ಉಡುಗೆಯಲ್ಲಿ ಮುಗುಳ್ನಗುತ್ತಿದ್ದಾಳೆ. ಹುಡುಗಿ ಆ ಸಿನಿಮಾವನ್ನು ನೋಡಿಯೇ ಇಲ್ಲ. ಆದರೂ “ಇವಳು ಪಾಪದವಳು ಮಾಮ, ಜಾಸ್ಮಿನ್ ಜೋರು” ಎಂದು ತೀರ್ಪು ಕೊಟ್ಟಾಗಿದೆ. ದೊಡ್ಡವರಾದ ಅಭಿಮಾನಿಗಳು ಯಾರು ನಿಜವಾದ ರಾಜಕುಮಾರಿ ಎಂದು ವಾದಿಸುವಾಗಲೂ ಹೀಗೆಯೇ ಆಗುತ್ತಿದೆಯೇ? ಫ್ರೋಜನ್ ಸಿನಿಮಾದ ಎಲ್ಸಾ ಈ ಸಾಲಿನಲ್ಲಿ ಏಕಿಲ್ಲ?

ಮಂಜೇಶ್ವರದಿಂದ:
ಆ ಸಾಲು ವಂಶಾವಳಿಯಲ್ಲ, ವ್ಯಾಪಾರದ ಪಟ್ಟಿ. 2000ನೇ ಇಸವಿಯ ಹೊತ್ತಿಗೆ ನೈಕಿ ಕಂಪೆನಿಯಿಂದ ಡಿಸ್ನಿಯ ಸರಕು ವಿಭಾಗಕ್ಕೆ ಬಂದ ಆಂಡಿ ಮೂನಿ ಅವರು, ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಡಿಸ್ನಿ ಪ್ರದರ್ಶನವೊಂದಕ್ಕೆ ಹೆಣ್ಣುಮಕ್ಕಳು ಮನೆಯಲ್ಲೇ ಹೊಲಿದ ರಾಜಕುಮಾರಿಯ ಉಡುಪು ತೊಟ್ಟು ಬಂದದ್ದನ್ನು ಕಂಡು, ಬೇರೆ ಬೇರೆ ಕಾಲದ ಕಥಾನಾಯಕಿಯರನ್ನು ಒಂದೇ ಹೆಸರಿನಡಿ ಮಾರಲು ಹೊರಟರು. 2001ರಲ್ಲಿ ಸುಮಾರು 30 ಕೋಟಿ ಡಾಲರ್ ಇದ್ದ ಮಾರಾಟ 2006ರ ವೇಳೆಗೆ 300 ಕೋಟಿ ಡಾಲರಿಗೆ ಏರಿತು. ಮುಲಾನ್ ರಾಜನ ಮಗಳೂ ಅಲ್ಲ, ಸೊಸೆಯೂ ಅಲ್ಲ, ಆದರೂ ಒಳಗಿದ್ದಾಳೆ. ಪೀಟರ್ ಪ್ಯಾನ್ ಕಥೆಯ ಪುಟ್ಟ ಯಕ್ಷಿಣಿ ಟಿಂಕರ್ ಬೆಲ್‌ಳನ್ನು ಮೊದಲು ಸೇರಿಸಿ ಆಮೇಲೆ ತೆಗೆದರು. 2013ರ ಫ್ರೋಜನ್ ತನ್ನದೇ ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುವುದರಿಂದ ಎಲ್ಸಾಳನ್ನು ಈ ಗುಂಪಿಗೆ ಸೇರಿಸಬೇಕಾದ ಗರಜೇ ಬೀಳಲಿಲ್ಲ. ಇಷ್ಟಾಗಿಯೂ ಅಭಿಮಾನಿಗಳು ಈ ಪಟ್ಟಿಯನ್ನು ಧರ್ಮಶಾಸ್ತ್ರದಂತೆ ಎತ್ತಿಹಿಡಿದು ಜಗಳವಾಡುತ್ತಾರೆ! ಚೀಲವನ್ನು ಇನ್ನೊಮ್ಮೆ ಗಮನಿಸಿ: ರಾಜಕುಮಾರಿಯರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರೂ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿರಲಾರರು. ಪ್ರತಿಯೊಬ್ಬಳೂ ಅವಳವಳ ಕಥೆಯೊಳಗೇ ಇರಬೇಕೆಂಬ ಕಾರಣಕ್ಕೆ ಹಾಗೆ ಬರೆಯುವ ರೂಢಿ ಬೆಳೆದಿತ್ತು.

ಬದಿಯಡ್ಕದ ಚಿತ್ರಕಲಾ ಅಧ್ಯಾಪಕಿ:
ಬಣ್ಣವನ್ನೂ ನೋಡಬೇಕು. 1950ರ ಚಿತ್ರದಲ್ಲಿ ಸಿಂಡ್ರೆಲಾಳ ನೃತ್ಯದ ಉಡುಪು ಬೆಳ್ಳಿಯ ಬಿಳುಪಿನದು. ಅಂಗಡಿಯ ಸಿಂಡ್ರೆಲಾ ನೀಲಿ. 1959ರ ‘ಸ್ಲೀಪಿಂಗ್ ಬ್ಯೂಟಿ’ ಚಿತ್ರದ ಕೊನೆಯಲ್ಲಿ ನಾಯಕಿ ಅರೋರಾಳ ಉಡುಪು ನೀಲಿಯಾಗಬೇಕೋ ಗುಲಾಬಿಯಾಗಬೇಕೋ ಎಂದು ಯಕ್ಷಿಣಿಯರ ಜಗಳವೇ ಮುಗಿಯುವುದಿಲ್ಲ, ಅಂಗಡಿಯಲ್ಲಿ ಮಾತ್ರ ಅದು ಗುಲಾಬಿಯೆಂದು ಇತ್ಯರ್ಥವಾಗಿದೆ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣವನ್ನು ಹಂಚಿದ ಮೇಲೆ ಸ್ವಭಾವವನ್ನೂ ಹಂಚಿದಂತೆಯೇ. ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿಯೂ ಕಿರೀಟ ಮತ್ತು ಮುಖವರ್ಣಿಕೆ ಕಂಡೊಡನೆ ಪಾತ್ರದ ಜಾತಕ ತಿಳಿಯುತ್ತದೆ, ನಿಜ. ಆದರೆ ಅಲ್ಲಿ ಮಾತು ಬಲ್ಲ ಒಳ್ಳೆಯ ವೇಷಧಾರಿಯೊಬ್ಬ ಬಾಯಿ ತೆರೆದರೆ ಅದೇ ವೇಷದ ಕೌರವ ಇವತ್ತು ನಿನ್ನೆಯವನಾಗಿರುವುದಿಲ್ಲ. ಚೀಲದ ಮೇಲಿನವಳಿಗೆ ಮಾತೇ ಇಲ್ಲ.

ನೀರ್ಚಾಲಿನ ವಿದ್ಯಾರ್ಥಿ:
ಅಧ್ಯಾಪಕರ ಮಾತನ್ನು ಒಪ್ಪುತ್ತೇನೆ, ಆದರೆ ಅಭಿಮಾನಿಗಳು ಕೊಟ್ಟದ್ದನ್ನೆಲ್ಲ ನುಂಗುವವರಲ್ಲ. 2013ರಲ್ಲಿ ‘ಬ್ರೇವ್’ ಚಿತ್ರದ ಬಿಲ್ಲುಗಾರ್ತಿ ಮೆರಿಡಾಳನ್ನು ಪಟ್ಟಿಗೆ ಸೇರಿಸುವಾಗ ಸೊಂಟವನ್ನು ಸಪೂರ ಮಾಡಿ, ಉಡುಪಿಗೆ ಮಿನುಗು ಹಚ್ಚಿ, ಬಿಲ್ಲನ್ನು ಕೈಬಿಟ್ಟ ಚಿತ್ರವೊಂದನ್ನು ಹೊರತಂದದ್ದಕ್ಕೆ, ಆ ಪಾತ್ರವನ್ನು ಸೃಷ್ಟಿಸಿದ ಬ್ರೆಂಡಾ ಚಾಪ್‌ಮನ್ ಅವರೇ ಬಹಿರಂಗವಾಗಿ ಆಕ್ಷೇಪಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2018ರಲ್ಲಿ ಕಪ್ಪು ಜನಾಂಗದ ರಾಜಕುಮಾರಿ ಟಿಯಾನಾಳ ಮೈಬಣ್ಣ ತಿಳಿಯಾಗಿದೆ ಎಂದು ದೂರು ಬಂದಾಗ ಅವಳನ್ನು ಮತ್ತೆ ಬರೆಯಬೇಕಾಯಿತು. ಆದರೆ ಹೀಗೆ ದೂರಿದವರು ಕಥೆಯನ್ನು ಮೊದಲೇ ಬಲ್ಲವರು. ನಮ್ಮ ಗಡಿನಾಡಿನ ಮಕ್ಕಳಲ್ಲಿ ಅನೇಕರಿಗೆ ಸಿನಿಮಾಕ್ಕಿಂತ ಮೊದಲು ಕೈಗೆ ಬರುವುದು ಕೊಡೆ, ನೀರಿನ ಬಾಟಲಿ, ಇಲ್ಲವೇ ಗಲ್ಫಿನಿಂದ ಬಂದ ಚಿಕ್ಕಪ್ಪನ ಪೆಟ್ಟಿಗೆಯಲ್ಲಿದ್ದ ಪೆನ್ಸಿಲ್ ಡಬ್ಬಿ. ದೂರುವುದಕ್ಕೆ ಅವರಲ್ಲಿ ಮೂಲವೇ ಇಲ್ಲ.

ಕುಂಬಳೆಯಲ್ಲಿ ಚೀಲ ಮಾರುವವನು:
ಕಂಪೆನಿಯ ಪಟ್ಟಿಯ ವಿಷಯ ನನಗೆ ಹೊಸತು, ಏಕೆಂದರೆ ನನ್ನಲ್ಲಿಗೆ ಬರುವ ಅಗ್ಗದ ಮಾಲಿನಲ್ಲಿ ಎಲ್ಸಾ, ಸಿಂಡ್ರೆಲಾ, ಬಾರ್ಬಿ ಮೂವರೂ ಒಂದೇ ಚೀಲದ ಮೇಲಿರುತ್ತಾರೆ. ಅದನ್ನು ಅಚ್ಚು ಹಾಕಿದವರು ಯಾರ ಅನುಮತಿಯನ್ನೂ ಕೇಳಿದಂತಿಲ್ಲ. ಮಕ್ಕಳು ಹೆಸರು ಹಿಡಿದು ಕೇಳುವುದು ಎಲ್ಸಾಳನ್ನು ಮಾತ್ರ. ಉಳಿದವರನ್ನು “ಆ ಗುಲಾಬಿಯವಳು”, “ಈ ಹಳದಿಯವಳು” ಎನ್ನುತ್ತಾರೆ. ಮುಲಾನ್ ಬೇಕೆಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಕತ್ತಿ ಹಿಡಿದವಳ ಚೀಲ ಬಂದರೆ ಹೇಳಿ ಕಳುಹಿಸುತ್ತೇನೆ, ಪೆರ್ಲದವರು ಬಂದು ಕೊಂಡುಹೋಗಬಹುದು.